ಹಳೆಯ ತೆರೆದ ಮೋಟಾರು: ಉಳಿಸಿಕೊಳ್ಳುವುದೋ, ಹೊಸದು ಮಾಡುವುದೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹಳೆಯ ಮೋಟಾರು ಗಾಡಿಯೊಂದನ್ನು ಪುನಃ ಬೀದಿಗಿಳಿಸಲು ಹೊರಟ ಗೃಹಸ್ಥರು ಈ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸಿದರೆ ಯಾರೂ ಆಕ್ಷೇಪಿಸಲಾರರು. ಮನೆ ಕಟ್ಟುವವನಿಗೆ ಗೋಡೆ ಎಷ್ಟು ಎದ್ದಿತೆಂಬುದು ಕಣ್ಣಿಗೆ ಕಾಣುತ್ತದೆ. ಮದುವೆ ಮಾಡುವವನಿಗೆ ಮುಹೂರ್ತದ ದಿನವೊಂದು ಗೊತ್ತಾಗಿರುತ್ತದೆ. ಹಳೆಯ ಕಾರಿನ ಕೆಲಸಕ್ಕಾದರೋ ಗೋಡೆಯೂ ಇಲ್ಲ, ಮುಹೂರ್ತವೂ ಇಲ್ಲ. ಆದಕಾರಣ ಅದನ್ನು ಆರಂಭಿಸುವ ಮುನ್ನವೇ ಸಾವಧಾನವಾಗಿ ಆಲೋಚಿಸತಕ್ಕದ್ದು ಅವಶ್ಯಕ.

ನಮ್ಮ ಪಟ್ಟಣಗಳ ಹಳೆಯ ಬಂಗಲೆಗಳ ಹಿತ್ತಿಲಿನಲ್ಲಿಯೂ, ಮಲೆನಾಡಿನ ತೋಟದ ಮನೆಗಳ ಷೆಡ್ಡುಗಳಲ್ಲಿಯೂ, ತಾತನೋ ಮುತ್ತಾತನೋ ಕೊಂಡ ತೆರೆದ ಮೋಟಾರುಗಳು ಅಲ್ಲೊಂದು ಇಲ್ಲೊಂದು ಈಗಲೂ ನಿಂತಿರುವುದುಂಟು. ಯಾರೂ ವಿಚಾರಿಸದೆಯೇ ವರ್ಷಗಳು ಕಳೆಯುತ್ತವೆ. ಆಸ್ತಿ ಪಾಲಾಗುವಾಗಲೋ, ನಿವೇಶನ ಮಾರುವಾಗಲೋ ಅದರ ಮಾತು ಏಳುತ್ತದೆ. ಕೂಡಲೇ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಗುಜರಿಯವನಿಗೆ ಕೊಟ್ಟು ಜಾಗ ಖಾಲಿ ಮಾಡೋಣವೆಂದು ಒಬ್ಬರು. ಕಾರ್ಖಾನೆಯಿಂದ ಇಂದು ಹೊರಬಂದಂತೆ ಥಳಥಳಿಸುವ ಹಾಗೆ ಮಾಡಿಸೋಣವೆಂದು ಇನ್ನೊಬ್ಬರು. ಈ ಎರಡೂ ದಾರಿಗಳಲ್ಲಿ ಒಂದು ಸಮಾನವಾದ ಅಪಾಯವಿದೆ. ಗುಜರಿಗೆ ಹೋದ ಕಾರು ಹೇಗೆ ಹಿಂದಿರುಗಲಾರದೋ, ಹಾಗೆಯೇ ಕೆರೆದು ತೆಗೆದ ಹಳೆಯ ಬಣ್ಣವೂ, ಕಿತ್ತೆಸೆದ ಹಳೆಯ ಚರ್ಮವೂ ಹಿಂದಿರುಗಲಾರವು. ಇವೆರಡರ ನಡುವೆ ಮತ್ತೊಂದು ದಾರಿಯುಂಟು. ಅದನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ವಿಚಾರವು ಸ್ಪಷ್ಟವಾಗಲೆಂದು ಒಂದು ನಿರ್ದಿಷ್ಟ ಗಾಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಕಾರ್ಖಾನೆಯವರು ೧೯೩೪ರಲ್ಲಿ ‘ಮಾರಿಸ್ ಎಯ್ಟ್’ ಎಂಬ ಸಣ್ಣ ಕಾರನ್ನು ಹೊರತಂದರು. ೧೯೪೮ರವರೆಗೆ ಬೇರೆ ಬೇರೆ ರೂಪಗಳಲ್ಲಿ ಇಂಥವು ಮೂರು ಲಕ್ಷಕ್ಕಿಂತ ಹೆಚ್ಚು ತಯಾರಾದವು. ನಮ್ಮ ದೇಶಕ್ಕೂ ಅವು ಬಂದವು. ಇಂದು ಬೆಂಗಳೂರಿನ ಹಳೆಯ ಕಾರುಗಳ ಮೆರವಣಿಗೆಗಳಲ್ಲಿಯೂ ಕಾಣಸಿಗುತ್ತವೆ. ನಾಲ್ಕು ಸಿಲಿಂಡರುಗಳ, ೯೧೮ ಘನ ಸೆಂಟಿಮೀಟರಿನ ಎಂಜಿನು. ಮೊದಮೊದಲಿನ ಗಾಡಿಗಳಿಗೆ ಮುಂದಕ್ಕೆ ಮೂರು ಗೇರುಗಳು. ‘ಎಯ್ಟ್’ ಎಂದರೆ ಎಂಟು ಕುದುರೆಗಳ ಬಲವೆಂದು ಹೆಸರು. ಆದರೆ ಅದು ಸಿಲಿಂಡರಿನ ಅಗಲದಿಂದ ಲೆಕ್ಕ ಹಾಕಿ ಅಲ್ಲಿನ ಸರ್ಕಾರ ತೆರಿಗೆ ವಿಧಿಸುತ್ತಿದ್ದ ಬಲವೇ ಹೊರತು ಎಂಜಿನಿನ ನಿಜವಾದ ಬಲವಲ್ಲ. ನಿಜವಾದ ಬಲವು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ಮುಂದೆ ಇದೇ ಮಾರಿಸ್ ಸಂಸ್ಥೆಯ ‘ಆಕ್ಸ್‌ಫರ್ಡ್’ ಎಂಬ ಕಾರೇ ಉತ್ತರಪಾರಾದಲ್ಲಿ ‘ಅಂಬಾಸಿಡರ್’ ಎಂಬ ಹೆಸರು ತಳೆದು, ೨೦೧೪ರವರೆಗೂ ತಯಾರಾಗುತ್ತಿದ್ದಿತೆಂಬುದನ್ನು ನೆನೆದರೆ ಈ ವಂಶವು ನಮಗೆ ಅಪರಿಚಿತವಲ್ಲವೆಂದು ತಿಳಿಯುವುದು.

ಈ ಕಾರಿನ ತೆರೆದ ಮಾದರಿಗೆ ‘ಟೂರರ್’ ಎಂದು ಹೆಸರು. ಇದಕ್ಕೆ ಮೇಲೆ ಕೆಳಗೆ ಸರಿಯುವ ಗಾಜಿನ ಕಿಟಕಿಗಳಿಲ್ಲ. ಮಳೆ ಬಂದಾಗ ಬಟ್ಟೆಯ ಹುಡ್ಡನ್ನು ಎಳೆದು, ಪಕ್ಕಗಳಿಗೆ ಪಾರದರ್ಶಕ ಪರದೆಗಳನ್ನು ಸಿಕ್ಕಿಸಬೇಕು. ಒಡಲು ಒಂದೇ ಉಕ್ಕಿನ ಅಚ್ಚಲ್ಲ: ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಮರದ ಚೌಕಟ್ಟು, ಚೌಕಟ್ಟಿಗೆ ಮೊಳೆ ಹೊಡೆದ ತೆಳುವಾದ ತಗಡು. ತೆರೆದ ಗಾಡಿಯ ಕಷ್ಟವೆಲ್ಲ ಇಲ್ಲಿಯೇ ಅಡಗಿದೆ. ಚಾವಣಿಯುಳ್ಳ ಕಾರಿಗೆ ಆ ಚಾವಣಿಯೇ ಬೆನ್ನೆಲುಬಿನಂತೆ ಒಡಲನ್ನು ಬಿಗಿಹಿಡಿಯುತ್ತದೆ. ತೆರೆದ ಗಾಡಿಗೆ ಆ ಆಸರೆಯಿಲ್ಲ. ಮೇಲಿನಿಂದ ಇಳಿದ ನೀರು ತಗಡಿಗೂ ಮರಕ್ಕೂ ನಡುವೆ ನಿಂತು ಒಂದನ್ನು ತುಕ್ಕು ಹಿಡಿಸುತ್ತದೆ, ಇನ್ನೊಂದನ್ನು ಕೊಳೆಸುತ್ತದೆ. ಉಳಿದ ಕೆಲಸವನ್ನು ನಮ್ಮ ದೇಶದ ಗೆದ್ದಲು ಪೂರೈಸುತ್ತದೆ. ಹೊರಗೆ ಹೊಳೆಯುವ ಬಾಗಿಲು ಒಳಗೆ ಬರಿಯ ಪುಡಿಯಾಗಿರುವುದು ಅಪರೂಪವಲ್ಲ.

ಇನ್ನು ಮಾಡತಕ್ಕ ಕೆಲಸದ ಸ್ವರೂಪ. ನಮ್ಮ ಭಾಷೆಯಲ್ಲಿ ಇದಕ್ಕೆ ಮೂರು ಮಾತುಗಳಿವೆ. ಮೂರರ ಅರ್ಥವೂ ಬೇರೆ. ಕೆಟ್ಟುದನ್ನು ಮತ್ತೆ ನಡೆಯುವಂತೆ ಮಾಡುವುದು ದುರಸ್ತಿ. ಇದ್ದುದು ಇನ್ನಷ್ಟು ಕೆಡದಂತೆ ಕಾಯುವುದು ಸಂರಕ್ಷಣೆ. ನಶಿಸಿದುದನ್ನು ಹಿಂದಿನ ರೂಪಕ್ಕೆ ತಂದು ನಿಲ್ಲಿಸುವುದು ಜೀರ್ಣೋದ್ಧಾರ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ದೇವಾಲಯಗಳ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ಉಳಿಯ ಗುರುತುಗಳನ್ನು ಮುಚ್ಚಿಹಾಕಿದುದನ್ನು ವಾಚಕರು ಕಂಡೇ ಇರುವರು. ಓಲೆಗರಿಯ ಗ್ರಂಥವನ್ನು ಓದುವ ಪಂಡಿತರ ಕ್ರಮವು ಇದಕ್ಕೆ ವಿರುದ್ಧವಾದುದು. ಅಕ್ಷರ ಅಳಿಸಿಹೋದ ಕಡೆ ಅವರು ಮೂಲ ಗರಿಯ ಮೇಲೆಯೇ ಹೊಸದಾಗಿ ಕೊರೆಯುವುದಿಲ್ಲ. ತಮ್ಮ ಊಹೆಯ ಪಾಠವನ್ನು ಬೇರೆ ಹಾಳೆಯಲ್ಲಿ ಬರೆದು, ಊಹೆಯೆಂಬುದನ್ನೂ ತಿಳಿಸುತ್ತಾರೆ. ಹಳೆಯ ಕಾರಿನ ವಿಷಯದಲ್ಲಿಯೂ ಈ ಪಂಡಿತರ ಮಾರ್ಗವೇ ಮೇಲೆಂದು ನಮಗೆ ತೋರುತ್ತದೆ.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. ಹಳೆಯ ವಾಹನಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು ೧೯೬೬ರಲ್ಲಿ ಸ್ಥಾಪಿತವಾಯಿತು. ‘ಫಿವಾ’ ಎಂಬುದು ಅದರ ಸಂಕ್ಷಿಪ್ತ ನಾಮ. ಆ ಒಕ್ಕೂಟವು ‘ಟ್ಯೂರಿನ್ ಸನ್ನದು’ ಎಂಬ ನಿಬಂಧನೆಯನ್ನು ಅಂಗೀಕರಿಸಿತು. ಸಾಧ್ಯವಾದಷ್ಟು ಕಡಮೆ ಕೈಹಾಕಬೇಕು, ಹಳೆಯ ಅಂಶವನ್ನು ಉಳಿಸಬೇಕು, ಮಾಡಿದ ಬದಲಾವಣೆಯನ್ನು ಬರೆದಿಡಬೇಕು ಎಂಬುದು ಅದರ ಸಾರ. ಕ್ಯಾಲಿಫೋರ್ನಿಯದ ಪೆಬಲ್ ಬೀಚಿನಲ್ಲಿ ೧೯೫೦ರಿಂದ ನಡೆದುಬಂದಿರುವ ಪ್ರಸಿದ್ಧ ಪ್ರದರ್ಶನದಲ್ಲಿ ಒಂದು ಕಾಲಕ್ಕೆ ಕನ್ನಡಿಯಂತೆ ಹೊಳೆಯುವ ಗಾಡಿಗಳಿಗೆ ಮಾತ್ರ ಮಾನ್ಯತೆಯಿತ್ತು. ಈಗ ಅಲ್ಲಿಯೇ, ಜೀರ್ಣೋದ್ಧಾರವಾಗದೆ ಹಳೆಯ ಮೈಯಲ್ಲಿಯೇ ಉಳಿದುಬಂದ ಕಾರುಗಳಿಗಾಗಿ ಪ್ರತ್ಯೇಕ ವರ್ಗವನ್ನು ಇಟ್ಟಿದ್ದಾರೆ.

ಹಾಗಾದರೆ ಭಾಗಗಳನ್ನು ಬದಲಿಸಿದ ಕಾರು ಅದೇ ಕಾರೆನಿಸಿಕೊಳ್ಳುವುದೇ? ಈ ಪ್ರಶ್ನೆಯು ಒಮ್ಮೆ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ‘ಓಲ್ಡ್ ನಂಬರ್ ವನ್’ ಎಂಬ ಹೆಸರಿನ ಬೆಂಟ್ಲಿ ತೆರೆದ ಕಾರು ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ೧೯೨೯ರಲ್ಲಿಯೂ ೧೯೩೦ರಲ್ಲಿಯೂ ಗೆದ್ದಿತ್ತು. ಪಂದ್ಯಗಳಿಗಾಗಿ ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು. ೧೯೩೨ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅದು ಅಪಘಾತಕ್ಕೀಡಾಗಿ, ನಡೆಸುತ್ತಿದ್ದ ಕ್ಲೈವ್ ಡನ್‌ಫೀ ಎಂಬವರು ಮೃತರಾದರು. ಅನಂತರ ಅದಕ್ಕೆ ಮುಚ್ಚಿದ ಒಡಲು ಬಂದಿತು; ಕೊನೆಗೆ ಮರಳಿ ತೆರೆದ ಗಾಡಿಯಾಯಿತು. ೧೯೯೦ರಲ್ಲಿ ಒಂದು ಕೋಟಿ ಪೌಂಡಿಗೆ ಅದರ ಕ್ರಯ ನಿಶ್ಚಯವಾದ ಬಳಿಕ, ಇದು ನಿಜವಾದ ಗಾಡಿಯಲ್ಲವೆಂದು ಕೊಂಡವರು ಹಿಂಜರಿದರು. ೧೯೨೯ರ ಗಾಡಿಯ ಭಾಗಗಳಲ್ಲಿ ಬಹುಪಾಲು ಉಳಿದಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. ಆದರೂ ನ್ಯಾಯಾಧೀಶರಾದ ಆಟನ್ನರು ಮಾರಿದವರ ಪರವಾಗಿ ತೀರ್ಪಿತ್ತರು. ಗಾಡಿಯ ಚರಿತ್ರೆಯು ಎಲ್ಲಿಯೂ ಕಡಿದುಹೋಗಿಲ್ಲ. ಒಂದೊಂದಾಗಿ ಬದಲಾಗುತ್ತ ಅದೇ ಗಾಡಿಯಾಗಿಯೇ ಬಂದಿದೆ ಎಂಬುದು ಅವರು ಕೊಟ್ಟ ಕಾರಣ. ಗೃಹಸ್ಥರು ಇದರಿಂದ ಕಲಿಯತಕ್ಕ ಪಾಠ ಸರಳವಾಗಿದೆ: ಕಾರಿನ ಬೆಲೆಯು ಅದರ ಲೋಹದಲ್ಲಿ ಎಷ್ಟಿರುವುದೋ, ಅದರ ದಾಖಲೆಗಳಲ್ಲಿಯೂ ಅಷ್ಟೇ ಇರುವುದು. ಹಳೆಯ ರಶೀದಿ, ವಿಮೆಯ ಕಾಗದ, ಗಾಡಿಯ ಮುಂದೆ ಮನೆಯವರು ನಿಂತು ತೆಗೆಸಿದ ಭಾವಚಿತ್ರ, ಇವುಗಳಲ್ಲಿ ಒಂದನ್ನೂ ಕಳೆಯಕೂಡದು.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಮೊದಲನೆಯ ನಿಯಮವೇನೆಂದರೆ, ನಿರ್ಧಾರವಾಗುವವರೆಗೆ ಏನನ್ನೂ ಬಿಚ್ಚಕೂಡದು. ಬಿಚ್ಚುವುದು ಒಂದು ವಾರದ ಉತ್ಸಾಹ; ಕೂಡಿಸುವುದು ವರ್ಷಗಳ ತಾಳ್ಮೆ. ಹಳೆಯ ಕಾರುಗಳು ಹಾಳಾಗುವುದು ತುಕ್ಕಿನಿಂದ ಮಾತ್ರವಲ್ಲ. ಬಿಚ್ಚಿದ ಭಾಗಗಳು ಡಬ್ಬಿಗಳಲ್ಲಿ ಚದುರಿ, ಕೆಲಸ ಅರ್ಧಕ್ಕೆ ನಿಂತು, ಹೆಸರಿಲ್ಲದ ಕಬ್ಬಿಣದ ರಾಶಿಯಾಗಿ ಹೋಗುವುದೂ ಉಂಟು. ಇದ್ದಂತೆಯೇ ಗಾಡಿಯನ್ನು ಬಯಲಿಗೆ ತಂದು, ನಾಲ್ಕು ಕಡೆಯಿಂದಲೂ ಒಳಗಿನಿಂದಲೂ ಚಿತ್ರ ತೆಗೆಯಿರಿ.

ಅನಂತರ ಚಾಸಿಯನ್ನು ನೋಡಿ. ನೆಲಕ್ಕೆ ತೂಗುಗುಂಡು ಬಿಟ್ಟು, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಅಳತೆಗಳು ಹೊಂದದಿದ್ದರೆ ಚಾಸಿ ತಿರುಚಿದೆಯೆಂದು ಅರ್ಥ. ಬಾಗಿಲನ್ನು ತೆರೆದು ಮುಚ್ಚಿ. ಬಾಗಿಲು ಕುಸಿದು ಅಗುಳಿಗೆ ಸಿಕ್ಕದಿದ್ದರೆ ದೋಷವು ಬಾಗಿಲಿನದಲ್ಲ, ಅದನ್ನು ಹೊತ್ತ ಮರದ ಕಂಬದ್ದು. ಸಣ್ಣ ದಬ್ಬಳದಿಂದ ಮರವನ್ನು ಅಲ್ಲಲ್ಲಿ ಚುಚ್ಚಿ ನೋಡಿದರೆ ಗಟ್ಟಿ ಯಾವುದು, ಪೊಳ್ಳು ಯಾವುದೆಂದು ತಿಳಿಯುವುದು. ತಗಡಿನ ಮೇಲೆ ಅಯಸ್ಕಾಂತವನ್ನು ಆಡಿಸಿದರೆ, ಹಿಂದೆ ಯಾರೋ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದ ಸ್ಥಳಗಳಲ್ಲಿ ಅದು ಕಚ್ಚುವುದಿಲ್ಲ. ಮೂಲ ಬಣ್ಣವನ್ನು ಅರಿಯಬೇಕಾದರೆ ಆಸನದ ಕೆಳಗೂ, ಮೀಟರು ಹಲಗೆಯ ಹಿಂದೆಯೂ ಹುಡುಕಬೇಕು. ಅಲ್ಲಿಗೆ ಬಿಸಿಲಾಗಲಿ ಬಣ್ಣದವನ ಕೈಯಾಗಲಿ ಸುಲಭವಾಗಿ ತಲುಪಿರುವುದಿಲ್ಲ.

ಎಂಜಿನು ನಿಂತು ಬಹುಕಾಲವಾಗಿದ್ದರೆ ಗಾಡಿಯನ್ನು ತಳ್ಳಿಯೋ ಎಳೆಯಿಸಿಯೋ ಚಾಲೂ ಮಾಡುವ ಸಾಹಸ ಸರ್ವಥಾ ಕೂಡದು. ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡ ಪಿಸ್ಟನ್ನನ್ನು ಬಲವಂತದಿಂದ ಎಳೆದರೆ ಉಂಗುರಗಳು ಮುರಿಯುವುವು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರಗಳಲ್ಲಿ ತೆಳುವಾದ ಎಣ್ಣೆಯನ್ನು ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಅನಂತರ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡತಕ್ಕದ್ದು.

ಪರೀಕ್ಷೆ ಮುಗಿದ ಮೇಲೆ ಗಾಡಿಯು ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರುವುದು. ಬಣ್ಣ ಮಾಸಿದ್ದರೂ ಚರ್ಮ ಬಿರಿದಿದ್ದರೂ, ಎಲ್ಲ ಭಾಗಗಳೂ ಇದ್ದು ಮರ ಗಟ್ಟಿಯಾಗಿದ್ದರೆ, ಮೈಯನ್ನು ಮುಟ್ಟದೆ ಶುಚಿಮಾಡಿ ಕಾಪಾಡುವುದೇ ಯೋಗ್ಯ. ಮೈ ಚೆನ್ನಾಗಿದ್ದು ಯಂತ್ರ ಮಾತ್ರ ಕೆಟ್ಟಿದ್ದರೆ, ಯಂತ್ರವನ್ನು ದುರಸ್ತಿ ಮಾಡಿಸಿ ಮೈಯನ್ನು ಇದ್ದಂತೆಯೇ ಬಿಡಬಹುದು. ನಮ್ಮ ಮಟ್ಟಿಗೆ ಇದೇ ಅತ್ಯಂತ ಸಂತೋಷದ ದಾರಿ. ಮರ ಪೂರ್ತಿ ಕೊಳೆತು ತಗಡು ಜಾಲರಿಯಾಗಿದ್ದರೆ ಜೀರ್ಣೋದ್ಧಾರವಲ್ಲದೆ ಅನ್ಯ ಮಾರ್ಗವಿಲ್ಲ. ಆಗ ಹೊಸ ಬಣ್ಣ ಹಾಕಿಸಲು ಯಾರೂ ಸಂಕೋಚಪಡಬೇಕಾಗಿಲ್ಲ. ಜೀರ್ಣೋದ್ಧಾರವೇ ಬೇಕಾಗಿದ್ದು ಅದಕ್ಕೆ ಮನೆಯ ಶಕ್ತಿ ಸಾಲದಿದ್ದರೆ, ಗಾಡಿಯನ್ನು ಒಟ್ಟಾಗಿಯೇ ಬಲ್ಲವರಿಗೆ ಒಪ್ಪಿಸುವುದು ಲೇಸು. ಬಿಡಿಭಾಗಗಳ ಆಸೆಗೆ ಅದನ್ನು ತುಂಡು ಮಾಡುವುದಕ್ಕಿಂತ ಇದು ಎಷ್ಟೋ ಗೌರವದ ಕೆಲಸ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಇದೆ. ಯಾವ ನಿರ್ಧಾರಕ್ಕೂ ಮೊದಲು ಅದನ್ನು ನೋಡಿಬಂದರೆ, ತಮ್ಮ ಗಾಡಿಯ ಕೊರತೆ ಏನೆಂಬುದು ಕಣ್ಣಿಗೆ ತಾನಾಗಿಯೇ ಹೊಳೆಯುವುದು.

ಹಣದ ಮಾತನ್ನು ಮನೆಯವರೆಲ್ಲರೂ ಕುಳಿತು ಆಡತಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಧರ್ಮ. ಜೀರ್ಣೋದ್ಧಾರಕ್ಕೆ ಸುರಿದ ಹಣವು ಮಾರುವಾಗ ಹಿಂದಿರುಗುವುದೆಂಬ ಭರವಸೆಯಿಂದ ಸಾಲ ಮಾಡಕೂಡದು. ಮಾರಿಸ್ ಎಯ್ಟಿನಂತೆ ಲಕ್ಷಗಟ್ಟಲೆ ತಯಾರಾದ ಸಣ್ಣ ಕಾರಿಗೂ, ಬೆರಳೆಣಿಕೆಯಷ್ಟು ಉಳಿದ ದೊಡ್ಡ ಕಾರಿಗೂ ತಗಡಿನ ಕೆಲಸ, ಮರಗೆಲಸ, ಬಣ್ಣ, ಹೊಲಿಗೆಗಳ ಕೂಲಿ ಹೆಚ್ಚುಕಡಮೆ ಒಂದೇ ಬಗೆಯಾಗಿ ಏರುತ್ತದೆ. ಬೆಲೆಯಾದರೋ ಒಂದೇ ಆಗಿರುವುದಿಲ್ಲ. ಆದುದರಿಂದ ಕೆಲಸವನ್ನು ಯಂತ್ರ, ಒಡಲು, ಹೊದಿಕೆ ಎಂದು ಮೂರು ಕಂತುಗಳಾಗಿ ಮಾಡಿ, ಒಂದು ಮುಗಿದು ಲೆಕ್ಕ ತೀರಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಹೀಗೆ ಮಾಡಿದರೆ ನಡುವೆ ಎಲ್ಲಿ ನಿಂತರೂ ಗಾಡಿ ಒಟ್ಟಾಗಿಯೇ ಉಳಿಯುವುದು.

ಕೆಲಸದಲ್ಲಿ ಮೊದಲ ಸ್ಥಾನ ಹೊಳಪಿನದಲ್ಲ, ಬ್ರೇಕಿನದು. ಮಾರಿಸ್ ಎಯ್ಟಿನ ಬ್ರೇಕುಗಳು ದ್ರವದ ಒತ್ತಡದಿಂದ ನಡೆಯುವುವು. ಆ ಕಾಲದ ಪದ್ಧತಿಯಂತೆ ನಾಲ್ಕು ಚಕ್ರಗಳಿಗೂ ಒಂದೇ ನಾಳದ ವ್ಯವಸ್ಥೆ. ಎಲ್ಲಿಯೋ ಒಂದು ಹಳೆಯ ರಬ್ಬರು ಬಿರಿದರೆ ನಾಲ್ಕೂ ಒಟ್ಟಿಗೆ ಕೈಬಿಡುವುವು. ಆದಕಾರಣ ಅದರ ರಬ್ಬರುಗಳನ್ನೂ ನಾಳಗಳನ್ನೂ ಹೊಸದಾಗಿಯೇ ಹಾಕಬೇಕು. ಇಲ್ಲಿ ಪುರಾತನತ್ವದ ಮೋಹ ಸಲ್ಲದು. ಟಯರುಗಳೂ ಅಷ್ಟೆ: ಗೀರು ಮಾಸದಿದ್ದರೂ ರಬ್ಬರಿಗೆ ಮುಪ್ಪು ಬಂದಿರುತ್ತದೆ. ಬಟ್ಟೆ ಸುತ್ತಿದ ಹಳೆಯ ತಂತಿಗಳಿಂದ ಬೆಂಕಿಯ ಭಯ. ಪೆಟ್ರೋಲು ಹರಿಯುವ ಕೊಳವೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ದೇಶದಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ ೨೦ರವರೆಗೆ ಎಥನಾಲು ಬೆರೆತಿರುತ್ತದೆ. ಅದು ಹಳೆಯ ಬಗೆಯ ರಬ್ಬರನ್ನು ಹಾಳುಮಾಡುವುದು. ಗಾಳಿಯ ತೇವವನ್ನು ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುವುದು. ಅದನ್ನು ತಾಳುವ ಹೊಸ ಕೊಳವೆಗಳನ್ನು ಹಾಕಿಸಿ, ಗಾಡಿ ನಿಲ್ಲುವ ತಿಂಗಳುಗಳಲ್ಲಿ ಟ್ಯಾಂಕನ್ನು ಬರಿದು ಮಾಡಿಡುವುದು ಒಳ್ಳೆಯದು.

ಒಡಲಿನ ಕೆಲಸದಲ್ಲಿ ಮರವನ್ನು ಒಮ್ಮೆಲೇ ಕಿತ್ತುಹಾಕಬಾರದು. ಬಾಗಿಲಿನ ಎಡೆಗೆ ಅಡ್ಡಪಟ್ಟಿ ಕೊಟ್ಟು ಬಿಗಿದು, ಒಂದೊಂದೇ ತುಂಡನ್ನು ತೆಗೆದು, ಹಳೆಯದನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಕೂಡಿಸಬೇಕು. ಇಂಗ್ಲೆಂಡಿನವರು ಬಳಸಿದ ಆಷ್ ಮರ ಇಲ್ಲಿ ಸುಲಭವಾಗಿ ಸಿಕ್ಕದಿದ್ದರೆ ಚೆನ್ನಾಗಿ ಒಣಗಿದ ಸಾಗುವಾನಿಯನ್ನು ಉಪಯೋಗಿಸಬಹುದು. ಹಸಿಮರ ಮಾತ್ರ ಬೇಡ. ಬಣ್ಣ ಅನಂತರದ್ದು, ಹುಡ್ಡಿನ ಬಟ್ಟೆ ಎಲ್ಲಕ್ಕಿಂತ ಕೊನೆಯದು. ತೆಗೆದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಬಳಸದ ಹಳೆಯ ತುಂಡುಗಳನ್ನೂ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕು. ತಿರುವಿನ ದೀಪ ಮೊದಲಾದ ಈ ಕಾಲದ ಸಲಕರಣೆಗಳನ್ನು ಸೇರಿಸಬೇಕಾದರೆ, ಹಳೆಯ ತಗಡಿಗೆ ತೂತು ಕೊರೆಯದೆ, ಮುಂದೆ ಬೇಡವೆನಿಸಿದಾಗ ಕಳಚುವಂತೆ ಜೋಡಿಸಬೇಕು. ಅನವಶ್ಯಕವಾದ ಅಲಂಕಾರಗಳನ್ನು ಸೇರಿಸಹೋದರೆ ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುವುದು.

ಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಇಂಗ್ಲೆಂಡಿನಲ್ಲಿ ಹಳೆಯ ಮಾರಿಸ್ ಗಾಡಿಗಳಿಗೆಂದೇ ‘ಮಾರಿಸ್ ರಿಜಿಸ್ಟರ್’ ಎಂಬ ಸಂಘವಿದೆ. ನಮ್ಮಲ್ಲಿಯೂ ಹಳೆಯ ಕಾರುಗಳ ಸಂಘಗಳಿವೆ. ಇದೇ ಮಾದರಿಯ ಗಾಡಿಯನ್ನು ಒಮ್ಮೆ ಕೂಡಿಸಿದವರ ಮಾತು ಹತ್ತು ಪುಸ್ತಕಗಳಿಗೆ ಸಮಾನ. ಹೊಲಿಗೆಗೂ ಮರಕ್ಕೂ ತಗಡಿಗೂ ನಮ್ಮ ಊರುಗಳಲ್ಲಿಯೇ ನುರಿತ ಕೈಗಳಿವೆ. ಮನೆಯ ಹುಡುಗ ಹುಡುಗಿಯರು ಅವರ ಬಳಿ ಕುಳಿತು ನೋಡಲಿ. ಅದು ಅವರಿಗೆ ಒಳ್ಳೆಯ ಪಾಠ.

ಕಾಯಿದೆಯ ಸಂಗತಿಯನ್ನೂ ಮರೆಯಲಾಗದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೨೦೨೧ರಲ್ಲಿ ತಿದ್ದುಪಡಿಯಾಗಿ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿ ಏರ್ಪಟ್ಟಿತು. ಇಂಗ್ಲೆಂಡಿನ ಹವ್ಯಾಸಿಗಳು ೧೯೩೦ರ ಕೊನೆಯೊಳಗಿನ ಗಾಡಿಗಳನ್ನು ಮಾತ್ರ ಹಾಗೆ ಕರೆಯುವರು. ನಮ್ಮ ನಿಯಮದಂತೆ ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ ವಾಹನಗಳು ಆ ಹೆಸರಿಗೆ ಅರ್ಹ. ಆದರೆ ಗಾಡಿಯು ಮೂಲ ರೂಪದಲ್ಲಿಯೇ ಇರಬೇಕು. ಚಾಸಿಯಲ್ಲಾಗಲಿ ಒಡಲಿನಲ್ಲಾಗಲಿ ಎಂಜಿನಿನಲ್ಲಾಗಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಹಳೆಯ ಎಂಜಿನನ್ನು ಎಸೆದು ಬೇರೊಂದು ಕಾರಿನದನ್ನು ಕೂರಿಸುವ ಸುಲಭೋಪಾಯಕ್ಕೆ ಇದು ನೇರವಾದ ಅಡ್ಡಿ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಅದರ ಅವಧಿ ೧೦ ವರ್ಷ. ನವೀಕರಣಕ್ಕೆ ೫,೦೦೦ ರೂಪಾಯಿ. ಮೊದಲೇ ನೋಂದಣಿಯಿರುವ ಗಾಡಿಯು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ಮೆರವಣಿಗೆ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಇವುಗಳಿಗಾಗಿ ಬೀದಿಗೆ ತರಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ, ಬಾಡಿಗೆಗೂ ಅಲ್ಲ. ಮದುವೆಗಳಿಗೆ ಬಾಡಿಗೆಗೆ ಬಿಟ್ಟು ಖರ್ಚು ಹುಟ್ಟಿಸಿಕೊಳ್ಳುವ ಯೋಚನೆಯುಳ್ಳವರು ಇದನ್ನು ಮೊದಲೇ ತಿಳಿದಿರಬೇಕು. ಗಾಡಿಯು ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಇದ್ದರೆ, ವಾರಸುದಾರರ ಒಪ್ಪಿಗೆ ಪಡೆದು ಹೆಸರು ವರ್ಗಾಯಿಸಿಕೊಂಡ ಮೇಲೆಯೇ ಅದಕ್ಕೆ ಹಣ ಹಾಕುವುದು ಕ್ಷೇಮ. ಇಲ್ಲವಾದರೆ ಗಾಡಿ ಸಿದ್ಧವಾಗುವ ಹೊತ್ತಿಗೆ ದಾಯಾದಿ ಕಲಹವೂ ಸಿದ್ಧವಾಗಿರುತ್ತದೆ.

ಒಟ್ಟಿನಲ್ಲಿ ನಾವು ಹೇಳುವುದಿಷ್ಟು. ಬಣ್ಣವನ್ನು ಎಷ್ಟು ಸಲವಾದರೂ ಹೊಸದಾಗಿ ಹಾಕಿಸಬಹುದು. ಹಳೆಯದನ್ನು ಒಂದೇ ಸಲ ಕಳೆದುಕೊಳ್ಳಬಹುದು. ಸಂಶಯವಿದ್ದಲ್ಲಿ ಈ ವರ್ಷ ಗಾಡಿಯನ್ನು ಒಣನೆಲದ ಮೇಲೆ ನಿಲ್ಲಿಸಿ, ಚಕ್ರಗಳ ಭಾರವನ್ನು ಇಳಿಸಿ, ಗಾಳಿಯಾಡುವ ಹತ್ತಿಯ ಬಟ್ಟೆ ಹೊದಿಸಿ, ಇಲಿ ಗೆದ್ದಲುಗಳಿಂದ ಕಾಪಾಡಿದರೆ ಸಾಕು. ಇಷ್ಟಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಶಕ್ತಿಯೂ ತಿಳಿವಳಿಕೆಯೂ ಕೂಡಿಬಂದಾಗ ಮುಂದಿನ ಹೆಜ್ಜೆ ಇಡಬಹುದು. ನಮ್ಮಿಂದ ಆಗದಿದ್ದರೆ ಮಕ್ಕಳು ಇಟ್ಟಾರು. ಅವರಿಗೆ ನಿರ್ಧರಿಸಲು ಏನಾದರೂ ಉಳಿದಿರುವಂತೆ ನೋಡಿಕೊಳ್ಳುವುದು ಇಂದಿನ ಯಜಮಾನರ ಕರ್ತವ್ಯ.